ಸೈಬರ್ ಭದ್ರತೆಯ ಪದವಿ: ಸಾಕ್ಷ್ಯ ಕಾಯುವ ಕಾಯಕ



ಪಿಯುಸಿ ಫಲಿತಾಂಶ ಬಂದು ಸಿಇಟಿ ರ‍್ಯಾಂಕು ಹೊರಬೀಳುವ ದಿನಗಳಲ್ಲಿ ನಮ್ಮ ಮಠಗಳ ಅಂಗಳದಲ್ಲಿ ಕೇಳಿಬರುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿವೆ. ನಾವು ಓದುವಾಗ ಸಿವಿಲ್ಲೋ ಮೆಕ್ಯಾನಿಕಲ್ಲೋ ಎಂಬುದಷ್ಟೇ ಪ್ರಶ್ನೆ. ಆಮೇಲೆ ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕಾಯಿತು. ಈಗ ಹಗರೆ, ಹಳೇಬೀಡು, ಜಾವಗಲ್ ಕಡೆಯ ರೈತರು ಬುದ್ಧಿಯವರ ಮುಂದೆ ಕೂತು, "ಮಗಳು ಸೈಬರ್ ಸೆಕ್ಯುರಿಟಿ ಓದ್ತೀನಿ ಅಂತ ಹಟ ಹಿಡ್ದವ್ಳೆ ಬುದ್ಧಿ. ಅದೇನು ಓದು? ಕೆಲ್ಸ ಸಿಕ್ತದಾ? ಹೆಣ್ಮಗೀಗೆ ಆಯ್ತದಾ?" ಎಂದು ಕೇಳತೊಡಗಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆಲೂಗೆಡ್ಡೆ, ಶುಂಠಿ, ಜೋಳ ಬೆಳೆದು ಕೂಡಿಟ್ಟ ಹಣವನ್ನು ನಾಲ್ಕು ವರ್ಷ ಒಂದು ಓದಿಗೆ ಸುರಿಯುವ ಮುನ್ನ ಆ ಓದು ಏನೆಂದು ತಿಳಿಯುವ ಹಕ್ಕು ಅಪ್ಪ ಅಮ್ಮಂದಿರಿಗೆ ಇದೆ.

ಈ ಸಲದ ಸಂಪಾದಕೀಯವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ. ನಮ್ಮ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ಸೈಬರ್ ಭದ್ರತೆ ಮತ್ತು ಡಿಜಿಟಲ್ ಫೊರೆನ್ಸಿಕ್ಸ್ ಎಂಬ ಓದು ನಮ್ಮ ಮಕ್ಕಳಿಗೆ ಒಳ್ಳೆಯ ಓದು. ಆದರೆ ಅದು ಮೇಲ್ನೋಟಕ್ಕೆ ಕಾಣುವಂತೆ ಕಂಪ್ಯೂಟರಿನ ಚಮತ್ಕಾರದ ಓದಲ್ಲ, ಸಾಕ್ಷ್ಯವನ್ನು ಕೆಡದಂತೆ ಕಾಯುವ ಓದು. ನಡತೆಯಿಲ್ಲದವನ ಕೈಗೆ ಈ ವಿದ್ಯೆ ಸಿಕ್ಕರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಆದ್ದರಿಂದ ಇದನ್ನು ಓದುವ ಮಕ್ಕಳಿಗೂ, ಕಲಿಸುವ ಕಾಲೇಜುಗಳಿಗೂ, ಅದರಲ್ಲೂ ಮಠಗಳ ಹೆಸರಿನಲ್ಲಿ ನಡೆಯುವ ಕಾಲೇಜುಗಳಿಗೂ ಹೆಚ್ಚಿನ ಹೊಣೆಯಿದೆ.

ಮನೆ ಬಾಗಿಲಿಗೆ ಬಂದ ಕಳ್ಳ

ಹಿಂದೆ ಕಳ್ಳ ಬರಬೇಕಾದರೆ ಕತ್ತಲಾಗಬೇಕಿತ್ತು, ನಾಯಿ ಮಲಗಬೇಕಿತ್ತು. ಈಗಿನ ಕಳ್ಳ ಹಗಲು ಹೊತ್ತಿನಲ್ಲೇ ಫೋನಿನಲ್ಲಿ ಬರುತ್ತಾನೆ. ಪಿಎಂ ಕಿಸಾನ್ ಹಣದ ಹೆಸರಿನಲ್ಲೋ, ವಾಹನದ ದಂಡದ ಹೆಸರಿನಲ್ಲೋ, ಮದುವೆ ಆಮಂತ್ರಣದ ಹೆಸರಿನಲ್ಲೋ ವಾಟ್ಸ್ಆ್ಯಪ್‌ನಲ್ಲಿ ಒಂದು ಎಪಿಕೆ ಫೈಲು ಬರುತ್ತದೆ. ಒತ್ತಿದರೆ ಫೋನು ಪರರ ವಶ. ಬ್ಯಾಂಕಿನಿಂದ ಬರುವ ಓಟಿಪಿಯನ್ನು ನಾವು ಓದುವ ಮೊದಲೇ ಅವನು ಓದಿರುತ್ತಾನೆ.

ಫೋನನ್ನೇ ಮುಟ್ಟದ ಅಜ್ಜನಿಗೂ ಈ ಕಾಟ ತಪ್ಪಿಲ್ಲ. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಬೆಳಕಿಗೆ ಬಂದ ಪ್ರಕರಣಗಳನ್ನು ನೆನಪಿಸಿಕೊಳ್ಳಿ. ಉಪ ನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ ಕ್ರಯಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಎತ್ತಿಕೊಂಡು, ಬೆರಳಚ್ಚಿನ ನಕಲು ತಯಾರಿಸಿ, ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಯಿಂದ ಹಣ ತೆಗೆದಿದ್ದರು. ಹೆಬ್ಬೆಟ್ಟು ಒತ್ತಿದರೆ ಮೋಸವಾಗುತ್ತದೆ, ಸಹಿ ಹಾಕಲು ಕಲಿಯಿರಿ ಎಂದು ನಮ್ಮ ಹಿರಿಯರು ರಾತ್ರಿ ಶಾಲೆ ನಡೆಸಿದರು. ಆ ಹೆಬ್ಬೆಟ್ಟೇ ಬೇರೆ ವೇಷದಲ್ಲಿ ಮತ್ತೆ ನಮ್ಮ ಕೊರಳಿಗೆ ಬಂದಿದೆ. ಆಧಾರ್‌ನ ಬಯೋಮೆಟ್ರಿಕ್ ಬೀಗವನ್ನು ನಾವೇ ಹಾಕಿಕೊಳ್ಳಬಹುದು ಎಂಬ ಸಂಗತಿ ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು, 'ಡಿಜಿಟಲ್ ಅರೆಸ್ಟ್'. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ದೇಶಕ್ಕೆಲ್ಲ ಕೇಳಿಸಿದ ವಂಚಕನ ಕರೆ ನಮ್ಮದೇ ವಿಜಯಪುರದವರೊಬ್ಬರಿಗೆ ಬಂದಿದ್ದ ಕರೆ. ಪೊಲೀಸ್ ವೇಷ ತೊಟ್ಟವನು ವಿಡಿಯೋದಲ್ಲಿ ಕೂತು, ನಿಮ್ಮನ್ನು ಬಂಧಿಸಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ಯಾರಿಗೂ ಹೇಳಬೇಡಿ ಎನ್ನುತ್ತಾನೆ. ಇಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಆದರೂ ನಿವೃತ್ತ ಅಧಿಕಾರಿಗಳು, ವೈದ್ಯರು, ಮೇಷ್ಟ್ರುಗಳು ಹೆದರಿ ಜೀವಮಾನದ ಉಳಿತಾಯ ಕಳೆದುಕೊಂಡಿದ್ದಾರೆ. ವಂಚಕ ಕೊಳ್ಳೆ ಹೊಡೆಯುವುದು ನಮ್ಮ ದಡ್ಡತನವನ್ನಲ್ಲ, ನಮ್ಮ ಮರ್ಯಾದೆಯ ಭಯವನ್ನು.

ಇಷ್ಟೆಲ್ಲ ಆದಾಗ ದೂರು ಕೊಡಲು ಜಾಗವಿಲ್ಲವೆಂದಲ್ಲ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. ಈಗ ಹಾಸನವೂ ಸೇರಿ ಜಿಲ್ಲೆಗಳಲ್ಲೆಲ್ಲ ಸಿಇಎನ್ ಠಾಣೆಗಳಿವೆ. 1930ಕ್ಕೆ ತಕ್ಷಣ ಕರೆ ಮಾಡಿದರೆ ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ವ್ಯವಸ್ಥೆ ಇದೆ. ಠಾಣೆ ಇದೆ, ಸಂಖ್ಯೆ ಇದೆ, ಕಾನೂನಿದೆ. ಸಾಲದೆ ಇರುವುದು ಈ ವಿದ್ಯೆ ಬಲ್ಲ, ಜನರ ಭಾಷೆಯಲ್ಲಿ ಅವರ ಕಷ್ಟ ಕೇಳಬಲ್ಲ ಕೈಗಳು. ನಮ್ಮ ಮಕ್ಕಳು ಈ ಓದಿಗೆ ಹೋಗಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಮೆಷರ್‌ಮೆಂಟ್ ಬುಕ್ಕಿನ ಪಾಠ

ಸೈಬರ್ ಭದ್ರತೆ ಎಂದರೆ ಬೀಗ ಹಾಕುವ ವಿದ್ಯೆ. ಡಿಜಿಟಲ್ ಫೊರೆನ್ಸಿಕ್ಸ್ ಎಂದರೆ ಬೀಗ ಮುರಿದ ಮೇಲೆ ಯಾರು, ಯಾವಾಗ, ಹೇಗೆ ಮುರಿದರೆಂದು ನ್ಯಾಯಾಲಯ ಒಪ್ಪುವಂತೆ ತೋರಿಸುವ ವಿದ್ಯೆ. ಎರಡಕ್ಕೂ ತಳಪಾಯ ಒಂದೇ: ಗಣಿತ, ಪ್ರೋಗ್ರಾಮಿಂಗ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಗೂಢಲಿಪಿಶಾಸ್ತ್ರ. ಅದರ ಮೇಲೆ ಡಿಸ್ಕ್ ಮತ್ತು ಮೊಬೈಲ್ ಪರೀಕ್ಷೆ, ದುರುದ್ದೇಶದ ತಂತ್ರಾಂಶಗಳ ವಿಶ್ಲೇಷಣೆ, ಕಾನೂನು, ವರದಿ ಬರೆಯುವ ಕ್ರಮ.

ಲೋಕೋಪಯೋಗಿ, ನೀರಾವರಿ ಇಲಾಖೆಗಳಲ್ಲಿ ದುಡಿದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ನಮ್ಮ ಮೆಷರ್‌ಮೆಂಟ್ ಬುಕ್ಕಿನ ಪುಟಗಳಿಗೆ ಮೊದಲೇ ಸಂಖ್ಯೆ ಬಿದ್ದಿರುತ್ತದೆ. ಹಾಳೆ ಕೀಳುವಂತಿಲ್ಲ. ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ. ಅಂಕಿ ತಪ್ಪಾದರೆ ಅದು ಕಾಣುವಂತೆಯೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಕಿರಿಯ ಎಂಜಿನಿಯರ್ ಅಳೆದದ್ದನ್ನು ಮೇಲಿನವರು ಮತ್ತೆ ಅಳೆದು ನೋಡಬೇಕು. ಕಾಂಕ್ರೀಟ್ ಕ್ಯೂಬನ್ನು ಎಂದು ಹಾಕಿದರು, ಎಲ್ಲಿ ನೆನೆಸಿದರು, ಯಾರು ಪ್ರಯೋಗಾಲಯಕ್ಕೆ ಒಯ್ದರು ಎಂಬುದಕ್ಕೆಲ್ಲ ಬರಹ ಇರಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕ್ಯೂಬ್ ಎಷ್ಟೇ ಗಟ್ಟಿಯಿದ್ದರೂ ಫಲಿತಾಂಶಕ್ಕೆ ಬೆಲೆಯಿಲ್ಲ.

ಡಿಜಿಟಲ್ ಫೊರೆನ್ಸಿಕ್ಸ್‌ನ ಜೀವಾಳವೂ ಇದೇ. ವಶಪಡಿಸಿಕೊಂಡ ಕಂಪ್ಯೂಟರನ್ನು ತಜ್ಞ ನೇರವಾಗಿ ತೆರೆದು ನೋಡುವುದಿಲ್ಲ. ತೆರೆದ ಮಾತ್ರಕ್ಕೇ ಒಳಗಿನ ಎಷ್ಟೋ ದಿನಾಂಕಗಳು ಬದಲಾಗುತ್ತವೆ. ಆದ್ದರಿಂದ ಡಿಸ್ಕಿಗೆ 'ರೈಟ್ ಬ್ಲಾಕರ್' ಎಂಬ ಸಾಧನ ಜೋಡಿಸುತ್ತಾನೆ. ಅದು ನಮ್ಮ ಪಂಪ್‌ಸೆಟ್ಟಿನ ನಾನ್ ರಿಟರ್ನ್ ವಾಲ್ವ್ ಇದ್ದಂತೆ. ಮಾಹಿತಿ ಆ ಕಡೆಯಿಂದ ಈ ಕಡೆಗೆ ಬರಬಹುದೇ ಹೊರತು ಈ ಕಡೆಯಿಂದ ಒಂದು ಅಕ್ಷರವೂ ಆ ಕಡೆಗೆ ಹೋಗುವುದಿಲ್ಲ. ಹಾಗೆ ತೆಗೆದ ಪಡಿಯಚ್ಚಿನ ಮೇಲೆ ಮಾತ್ರ ಪರೀಕ್ಷೆ. ಮೂಲ ಡಿಸ್ಕ್ ಮೊಹರು ಹಾಕಿದ ಚೀಲದಲ್ಲಿ ಇರುತ್ತದೆ.

ಅಳಿಸಿದ ಫೈಲು ಹೇಗೆ ಸಿಗುತ್ತದೆಂದು ಮಕ್ಕಳು ಕುತೂಹಲದಿಂದ ಕೇಳುತ್ತಾರೆ. ಹಾರ್ಡ್ ಡಿಸ್ಕಿನಲ್ಲಿ ಫೈಲು ಅಳಿಸುವುದೆಂದರೆ ಪುಸ್ತಕದ ಪರಿವಿಡಿಯಿಂದ ಒಂದು ಅಧ್ಯಾಯದ ಹೆಸರನ್ನು ಹೊಡೆದು ಹಾಕಿದಂತೆ. ಪುಟಗಳು ಒಳಗೆ ಹಾಗೆಯೇ ಇರುತ್ತವೆ, ಅವುಗಳ ಮೇಲೆ ಬೇರೆ ಬರಹ ಬೀಳುವ ತನಕ. ಈಗಿನ ಮೊಬೈಲ್ ಮತ್ತು ಎಸ್‌ಎಸ್‌ಡಿಗಳಲ್ಲಿ ಕೆಲಸ ಇಷ್ಟು ಸುಲಭವಲ್ಲ. ಅಲ್ಲಿ ಮಾಹಿತಿ ಬೇಗ ನಿಜವಾಗಿಯೇ ಅಳಿದುಹೋಗುತ್ತದೆ, ಉಳಿದದ್ದಕ್ಕೂ ಗೂಢಲಿಪಿಯ ಬೀಗವಿರುತ್ತದೆ. ಹಾಗಾಗಿ ದೂರು ಕೊಡಲು ತಡ ಮಾಡಬಾರದು, ಫೋನನ್ನು ಅಂಗಡಿಗೆ ಕೊಟ್ಟು 'ರಿಸೆಟ್' ಮಾಡಿಸಬಾರದು.

ಇನ್ನು 'ಹ್ಯಾಶ್'. ಡಾ. ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟದ 15 ಸಂಪುಟಗಳನ್ನೂ ಒಂದೇ ಫೈಲಾಗಿ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೀರಿ ಎನ್ನಿ. 'ಶಾ-256' ಎಂಬ ಗಣಿತ ಸೂತ್ರ ಆ ಇಡೀ ಫೈಲಿಗೆ 64 ಚಿಹ್ನೆಗಳ ಒಂದು ಗುರುತು ಕೊಡುತ್ತದೆ. ಯಾರೋ ಒಂದು ವಚನದ ಅಂಕಿತದಲ್ಲಿ ಒಂದೇ ಒಂದು ಅಕ್ಷರ ತಿದ್ದಿದರೆ ಸಾಕು, ಗುರುತು ಪೂರ್ತಿ ಬೇರೆಯಾಗಿಬಿಡುತ್ತದೆ. ಪರೀಕ್ಷೆಯ ಮೊದಲು ಬಂದ ಗುರುತೂ ನಂತರ ಬಂದ ಗುರುತೂ ಒಂದೇ ಆಗಿದ್ದರೆ, ನಡುವೆ ಯಾರೂ ಕೈಯಾಡಿಸಿಲ್ಲ ಎಂದು ಹೇಳಬಹುದು.

ಇದು ನಮ್ಮ ಪರಂಪರೆಗೆ ಹೊಸದೂ ಅಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಹಾಕಿ, ಒಂದು ಪ್ರತಿಯನ್ನು ಇನ್ನೊಂದಕ್ಕೆ ಹೋಲಿಸಿ, 1923ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ಹೊರತಂದರು. ಯಾವ ಪಾಠ ಮೂಲದ್ದು, ಯಾವುದು ನಡುವೆ ಯಾರೋ ಸೇರಿಸಿದ್ದು, ಈ ಅಂಕಿತ ಇವರದೇ ಹೌದೇ ಎಂದು ಹುಡುಕುವುದು ಅವರ ಬದುಕಾಗಿತ್ತು. ಇಂದು ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಹುಡುಕುವುದೂ ಇದನ್ನೇ. ಸಾಮಗ್ರಿ ಮಾತ್ರ ಬೇರೆ.

ನ್ಯಾಯಾಲಯ ಕೇಳುವುದೇನು

ಈ ಓದಿನಲ್ಲಿ ಕಾನೂನಿನ ಪಾಠವನ್ನು ಹಗುರವಾಗಿ ಕಾಣುವ ವಿದ್ಯಾರ್ಥಿಗಳಿದ್ದಾರೆ. ಅದು ತಪ್ಪು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲಿ ಬಂದಾಗ ಸಾಕ್ಷ್ಯ ಕಾಯ್ದೆಗೆ 65ಬಿ ಕಲಮು ಸೇರಿತು. 2014ರಲ್ಲಿ ಅನ್ವರ್ ಪ್ರಕರಣದಲ್ಲಿ, 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ, ಕ್ರಮಬದ್ಧ ಪ್ರಮಾಣಪತ್ರವಿಲ್ಲದ ಡಿಜಿಟಲ್ ನಕಲನ್ನು ಸಾಕ್ಷ್ಯವಾಗಿ ಒಪ್ಪಲಾಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಆ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದನ್ನು ಸಾಕ್ಷ್ಯ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಅದರಲ್ಲಿ ಹ್ಯಾಶ್ ಗುರುತನ್ನು ಬರೆಯಬೇಕು.

ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು ಹೇಳುತ್ತದೆ. ಇದನ್ನು ಪೂರ್ತಿ ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಅಂದರೆ ಈಗ ಪಿಯುಸಿ ಮುಗಿಸಿದ ಮಗು ಪದವಿ ಪಡೆದು ಹೊರಬರುವ ಹೊತ್ತಿಗೆ ಪ್ರತಿ ಜಿಲ್ಲೆಗೂ ಈ ಜನ ಬೇಕು. ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಕಂಪನಿ, ಸಾಫ್ಟ್‌ವೇರ್ ಸಂಸ್ಥೆಗಳಿಗೂ ಬೇಕು. ಕೆಲಸ ಸಿಗುತ್ತದೆಯೇ ಎಂಬ ತಂದೆಯ ಪ್ರಶ್ನೆಗೆ ನಮ್ಮ ಉತ್ತರ: ನಿಜವಾಗಿ ಕಲಿತವರಿಗೆ ಸಿಗುತ್ತದೆ. ಕಾಗದ ಮಾತ್ರ ಹಿಡಿದವರಿಗೆ ಇಲ್ಲ.

ಇಲ್ಲಿ ಕನ್ನಡದ ಮಾತನ್ನೂ ಹೇಳಬೇಕು. ವಂಚನೆಗೊಳಗಾದ ಅಜ್ಜಿ ಮಾತಾಡುವುದು ಕನ್ನಡ. ಠಾಣೆಯಲ್ಲಿ ದೂರು ದಾಖಲಾಗುವುದು ಕನ್ನಡದಲ್ಲಿ. ತಾಲ್ಲೂಕು ನ್ಯಾಯಾಲಯದಲ್ಲಿ ವಿಚಾರಣೆ ನಡೆಯುವುದೂ ಬಹುಮಟ್ಟಿಗೆ ಕನ್ನಡದಲ್ಲಿ. ಹ್ಯಾಶ್ ಎಂದರೇನು, ಈ ಸಂದೇಶ ಆ ಫೋನಿನಿಂದಲೇ ಹೋಯಿತೆಂದು ಹೇಗೆ ಹೇಳುತ್ತೀರಿ ಎಂದು ವಕೀಲರು ಸವಾಲು ಹಾಕಿದಾಗ ತಿಳಿಗನ್ನಡದಲ್ಲಿ ಉತ್ತರಿಸಬಲ್ಲ ತಜ್ಞನ ಮಾತಿಗೆ ತೂಕ ಹೆಚ್ಚು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ್ದು ಕೊರತೆಯೆಂದು ಮಕ್ಕಳು ಕುಗ್ಗುವುದು ಬೇಡ. ಈ ವೃತ್ತಿಯಲ್ಲಿ ಅದು ಆಸ್ತಿ.

ಬೇಲಿಯೇ ಹೊಲ ಮೇಯ್ದರೆ

ಈಗ ಮುಖ್ಯ ಮಾತಿಗೆ ಬರೋಣ. ಟೆಂಡರ್ ಪೆಟ್ಟಿಗೆಗೆ ಮುಚ್ಚಿದ ಲಕೋಟೆ ಹಾಕುವ ಕಾಲದಲ್ಲಿ ಪೆಟ್ಟಿಗೆಯ ಸುತ್ತ ಏನೇನು ನಡೆಯುತ್ತಿತ್ತೆಂದು ಸರ್ಕಾರಿ ಎಂಜಿನಿಯರುಗಳಿಗೆ ಗೊತ್ತು. ಇ-ಪ್ರೊಕ್ಯೂರ್‌ಮೆಂಟ್ ಬಂದಾಗ ಇನ್ನು ಅದೆಲ್ಲ ನಿಂತಿತು ಎಂದು ಸಮಾಧಾನಪಟ್ಟವರು ಅನೇಕರು. 2019ರಲ್ಲಿ ಅದೇ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಹಾಕಿ, ಗುತ್ತಿಗೆದಾರರು ಕಟ್ಟಿದ್ದ ಠೇವಣಿಯ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ಸಾಗಿಸಲಾಯಿತು. ಮುಂದೆ ಬಿಟ್‌ಕಾಯಿನ್ ಹಗರಣವೆಂದು ಇಡೀ ರಾಜ್ಯ ಮಾತಾಡಿದ ಪ್ರಕರಣಕ್ಕೆ ಇದೂ ಸೇರಿಕೊಂಡಿತು.

ಕನ್ನ ಹಾಕಿದ ಆರೋಪಿ ಕಂಪ್ಯೂಟರ್ ಬಲ್ಲ ಯುವಕ. ಅದು ಒಂದು ದುಃಖ. ಅದಕ್ಕಿಂತ ದೊಡ್ಡ ದುಃಖ ಇನ್ನೊಂದಿದೆ. 2023ರಲ್ಲಿ ರಚನೆಯಾದ ವಿಶೇಷ ತನಿಖಾ ತಂಡ, 2024ರ ಜನವರಿಯಲ್ಲಿ, ಹಿಂದೆ ಅದೇ ಪ್ರಕರಣದ ತನಿಖೆಯಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬರನ್ನೂ ಅವರಿಗೆ ನೆರವಾಗಿದ್ದ ಖಾಸಗಿ ಸೈಬರ್ ತಜ್ಞರೊಬ್ಬರನ್ನೂ ಬಂಧಿಸಿತು. ಡಿಜಿಟಲ್ ಸಾಕ್ಷ್ಯವನ್ನು ತಿರುಚಿದರು ಎಂಬುದು ಆರೋಪ. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ಹೇಳಬೇಕು, ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಈ ಓದಿಗೆ ಹೊರಟ ಪ್ರತಿ ವಿದ್ಯಾರ್ಥಿಯೂ ಆ ಸುದ್ದಿಯನ್ನು ಓದಿರಬೇಕು. ಬೀಗದ ಕೈ ಹಿಡಿದವನ ಮೇಲೆಯೇ ಅನುಮಾನ ಬಂದರೆ ಇಡೀ ಪ್ರಕರಣದ ಬುಡ ಅಲ್ಲಾಡುತ್ತದೆ, ನಿಜವಾದ ಅಪರಾಧಿಯೂ ನುಸುಳಿಕೊಳ್ಳಲು ದಾರಿಯಾಗುತ್ತದೆ.

ಶರಣರು ಕಾಯಕವನ್ನು ಕೆಲಸಕ್ಕಿಂತ ಮೇಲಿಟ್ಟದ್ದು ಏಕೆಂದು ಇಂಥ ಕಡೆ ಅರ್ಥವಾಗುತ್ತದೆ. ಸೇತುವೆ ಕೆಟ್ಟರೆ ಬಿರುಕು ಕಣ್ಣಿಗೆ ಕಾಣುತ್ತದೆ. ತಜ್ಞ ರಾತ್ರಿ ಒಬ್ಬನೇ ಕೂತು ಒಂದು ದಿನಾಂಕ ತಿದ್ದಿದರೆ ಯಾರಿಗೆ ಕಾಣುತ್ತದೆ? ಯಾರೂ ನೋಡದಿರುವಾಗಲೂ ಕೈ ಶುದ್ಧವಾಗಿರಬೇಕು ಎಂಬುದು ಈ ವೃತ್ತಿಯ ಮೊದಲ ಅರ್ಹತೆ. ಅದನ್ನು ಯಾವ ಸಿಇಟಿಯೂ ಅಳೆಯುವುದಿಲ್ಲ. ಮನೆ ಮತ್ತು ಮಠ ಕಲಿಸಬೇಕು.

ವಿದ್ಯಾರ್ಥಿ ದೆಸೆಯಲ್ಲೇ ಎಡವುವ ಎರಡು ಜಾಗಗಳನ್ನು ಹೇಳಿಬಿಡುತ್ತೇವೆ. ಕಲಿತ ಉತ್ಸಾಹದಲ್ಲಿ ಅನುಮತಿಯಿಲ್ಲದೆ ಕಾಲೇಜಿನದೋ ಪಕ್ಕದ ಮನೆಯದೋ ವೈಫೈಗೆ ನುಗ್ಗಿ ನೋಡುವುದು ಆಟವಲ್ಲ. ದುರುದ್ದೇಶದಿಂದ ಹಾಗೆ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡನೆಯದು, "ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೀನಿ" ಎನ್ನುವ ಸ್ನೇಹಿತ. ವಂಚನೆಯ ಹಣ ಹರಿಯುವುದು ಇಂಥ ಬಾಡಿಗೆ ಖಾತೆಗಳಲ್ಲೇ. ಪೊಲೀಸರು ಮೊದಲು ಬರುವುದು ಆ ಖಾತೆದಾರನ ಮನೆಗೇ. ನಗರದ ಹಾಸ್ಟೆಲ್ಲಿಗೆ ಮಗನನ್ನು ಬಿಟ್ಟು ಬರುವ ತಂದೆ ಈ ಮಾತನ್ನು ಹೇಳಿಯೇ ಬಸ್ಸು ಹತ್ತಲಿ.

ಧಾರವಾಡದ ನೆನಪು

ಈ ವಿದ್ಯೆ ಬರೀ ಹಣದ ವಂಚನೆಗೆ ಸಂಬಂಧಿಸಿದ್ದೆಂದು ತಿಳಿಯಬಾರದು. 2015ರ ಆಗಸ್ಟ್ 30ರಂದು ಡಾ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಎರಡು ವರ್ಷದ ಅಂತರ, ಎರಡು ಬೇರೆ ಊರು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ವಿಧಿವಿಜ್ಞಾನ. ಗುಂಡು ಮತ್ತು ತೋಟಾಗಳ ಮೇಲಿನ ಗೆರೆಗಳನ್ನು ಹೋಲಿಸಿದ ಪ್ರಯೋಗಾಲಯ, ಎರಡೂ ಕಡೆ ಬಳಕೆಯಾದದ್ದು ಒಂದೇ ಪಿಸ್ತೂಲು ಎಂದಿತು. ಗೌರಿ ಪ್ರಕರಣದಲ್ಲಿ ಮುಖ ಮುಚ್ಚಿದ್ದ ವ್ಯಕ್ತಿಯ ಸಿಸಿಟಿವಿ ದೃಶ್ಯವನ್ನು ಗುಜರಾತಿನ ಪ್ರಯೋಗಾಲಯಕ್ಕೆ ಕಳಿಸಿ, ನಡಿಗೆಯ ರೀತಿಯನ್ನು ಆರೋಪಿಯ ನಡಿಗೆಯೊಂದಿಗೆ ಹೋಲಿಸಿ ನೋಡಿದರು.

ತಾಳೆಗರಿಯ ಮುಂದೆ ಕೂತು ಸಾಕ್ಷ್ಯವಿಲ್ಲದೆ ಒಂದು ಮಾತನ್ನೂ ಆಡದಿದ್ದ ಸಂಶೋಧಕರ ಸಾವಿಗೆ ನ್ಯಾಯ ಸಿಗಬೇಕಾದದ್ದೂ ಸಾಕ್ಷ್ಯದಿಂದಲೇ. ಅದೇ ಧಾರವಾಡದಲ್ಲಿ 2023ರ ಜನವರಿ 28ರಂದು ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಶಂಕುಸ್ಥಾಪನೆಯಾಯಿತು. ಗಾಂಧಿನಗರದಲ್ಲಿ ಕೇಂದ್ರ ಕಚೇರಿ ಇರುವ, 2020ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಸ್ಥಾನ ಪಡೆದ ವಿಶ್ವವಿದ್ಯಾಲಯ ಅದು. ಕಲಬುರ್ಗಿಯವರು ಕಲಿಸಿದ ಊರಿನಲ್ಲಿ ನಮ್ಮ ಮಕ್ಕಳು ಸಾಕ್ಷ್ಯ ಹುಡುಕುವ ವಿದ್ಯೆ ಕಲಿಯುವಂತಾದದ್ದು ನಮ್ಮ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ದಾರಿಗಳು ಮತ್ತು ಕೇಳಬೇಕಾದ ಪ್ರಶ್ನೆಗಳು

ದಾರಿ ಒಂದೇ ಅಲ್ಲ. ವಿಜ್ಞಾನ ಓದಿದವರು ಸಿಇಟಿ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸೈಬರ್ ಸೆಕ್ಯುರಿಟಿ ಸೇರಿದ ಕಂಪ್ಯೂಟರ್ ಸೈನ್ಸ್ ಬಿ.ಇ. ತೆಗೆದುಕೊಳ್ಳಬಹುದು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಮುಗಿಸಿ, ಬಿ.ಇ. ಎರಡನೇ ವರ್ಷಕ್ಕೆ ನೇರ ಬರಬಹುದು. ಕಡಿಮೆ ಖರ್ಚಿನಲ್ಲಿ ಬಿಸಿಎ ಅಥವಾ ಬಿ.ಎಸ್ಸಿ. ಮಾಡಿ, ನಂತರ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ಡಿಜಿಟಲ್ ಫೊರೆನ್ಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಬಹುದು. ಆಯಾ ವರ್ಷದ ಪ್ರಕಟಣೆಯನ್ನು ಅಧಿಕೃತ ತಾಣದಲ್ಲೇ ನೋಡಿಕೊಳ್ಳಿ, ಏಜೆಂಟರ ಬಾಯಿಂದಲ್ಲ.

ಎಂಜಿನಿಯರಾಗಿ ನಮ್ಮ ಸಲಹೆ ಇಷ್ಟು: ಮೊದಲ ಪದವಿಯ ಪಾಯ ಅಗಲವಾಗಿರಲಿ. ಪದವಿಯ ಹೆಸರಿನಲ್ಲಿ 'ಸೈಬರ್' ಇಲ್ಲದಿದ್ದರೂ ಗಟ್ಟಿಯಾದ ಕಂಪ್ಯೂಟರ್ ಸೈನ್ಸ್ ಓದಿ, ಸ್ನಾತಕೋತ್ತರದಲ್ಲಿ ಈ ವಿಷಯಕ್ಕೆ ಬಂದರೆ ನಷ್ಟವಿಲ್ಲ. ತಂತ್ರಾಂಶಗಳು ಬೇಗ ಹಳತಾಗುತ್ತವೆ. ನೆಟ್‌ವರ್ಕ್ ಹೇಗೆ ನಡೆಯುತ್ತದೆ, ಡಿಸ್ಕಿನಲ್ಲಿ ಮಾಹಿತಿ ಹೇಗೆ ಕೂರುತ್ತದೆ ಎಂಬ ಮೂಲಜ್ಞಾನ ಹಳತಾಗುವುದಿಲ್ಲ.

ಸೀಟು ಕಟ್ಟುವ ಮುನ್ನ ಕಾಲೇಜಿನಲ್ಲಿ ಈ ಪ್ರಶ್ನೆಗಳನ್ನು ಕೇಳಿ. ಎಐಸಿಟಿಇ ಅಥವಾ ಯುಜಿಸಿ ಮಾನ್ಯತೆ ಇದೆಯೇ? ಫೊರೆನ್ಸಿಕ್ಸ್‌ಗೆ ಪ್ರತ್ಯೇಕ ಪ್ರಯೋಗಾಲಯ ಇದೆಯೇ, ಅದರಲ್ಲಿ ರೈಟ್ ಬ್ಲಾಕರ್ ಇದೆಯೇ, ಅಥವಾ ಹಳೆಯ ಕಂಪ್ಯೂಟರ್ ಕೋಣೆಗೆ ಹೊಸ ಬೋರ್ಡು ಹಾಕಿದ್ದಾರೆಯೇ? ಈ ವಿಷಯಕ್ಕೆ ಪೂರ್ಣಾವಧಿ ಅಧ್ಯಾಪಕರು ಎಷ್ಟು ಜನ? ಕಾನೂನಿನ ಪಾಠ ಯಾರು ಮಾಡುತ್ತಾರೆ? ಹೋದ ವರ್ಷ ಹೊರಬಂದ ಇಬ್ಬರ ಜೊತೆ ಮಾತಾಡಿಸುತ್ತೀರಾ? 'ನೂರಕ್ಕೆ ನೂರು ಕೆಲಸ' ಎಂಬ ಜಾಹೀರಾತನ್ನು ನಂಬುವ ಬದಲು ಈ ಉತ್ತರಗಳನ್ನು ನಂಬಿ. ಆರು ತಿಂಗಳ ಕೋಚಿಂಗ್ ಅಂಗಡಿಯ ಸರ್ಟಿಫಿಕೇಟು ಪದವಿಯಲ್ಲ ಎಂಬುದೂ ನೆನಪಿರಲಿ.

ದುಡ್ಡಿಲ್ಲದೆಯೂ ಆರಂಭಿಸಬಹುದು. ಆಟಾಪ್ಸಿ, ವೈರ್‌ಶಾರ್ಕ್‌ನಂಥ ತಂತ್ರಾಂಶಗಳು ಉಚಿತ. ಸ್ವಯಂ ಮತ್ತು ಎನ್‌ಪಿಟೆಲ್‌ನಲ್ಲಿ ಒಳ್ಳೆಯ ಅಧ್ಯಾಪಕರ ಪಾಠಗಳು ಉಚಿತ. ಸ್ವಂತ ಹಳೆಯ ಪೆನ್‌ಡ್ರೈವಿನಲ್ಲಿ ಅಳಿಸಿದ ಫೋಟೋ ಹುಡುಕಿ ತೆಗೆಯಲು ಒಂದು ರಜೆ ಸಾಕು. ಆ ಕೆಲಸದಲ್ಲಿ ಮಗುವಿಗೆ ತಾಳ್ಮೆಯೂ ಸಂತೋಷವೂ ಕಂಡರೆ ಈ ಓದು ಅವಳದೇ.

'ಅವಳದೇ' ಎಂದು ಬೇಕೆಂದೇ ಬರೆದಿದ್ದೇವೆ. ಹೆಣ್ಣುಮಗುವಿಗೆ ಇದು ಆಗುತ್ತದೆಯೇ ಎಂಬುದು ತಂದೆಯ ಇನ್ನೊಂದು ಪ್ರಶ್ನೆ. ತಿರುಚಿದ ಚಿತ್ರ ಕಳಿಸಿ ಬೆದರಿಸುವವರ ಬಲಿಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅಂಥ ಮಗು ತನ್ನ ಫೋನನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟಷ್ಟು ನಿರ್ಭಯವಾಗಿ ಬೇರೆಯವರಿಗೆ ಕೊಡಲಾರಳು. ಹಾಗಾಗಿ ಈ ವೃತ್ತಿಗೆ ಹೆಣ್ಣುಮಕ್ಕಳು ಬಂದರೆ ಒಳ್ಳೆಯದು ಎನ್ನುವುದಕ್ಕಿಂತ, ಬರದಿದ್ದರೆ ಅನ್ಯಾಯ ಎನ್ನುವುದು ಸರಿ. ಅನುಭವ ಮಂಟಪದಲ್ಲಿ ಹೆಣ್ಣಿಗೆ ಸಮನಾದ ಪೀಠವಿತ್ತೆಂದು ವೇದಿಕೆಯಲ್ಲಿ ಹೇಳುವ ನಾವು, ಮನೆಯಲ್ಲಿ ಮಗಳ ಓದಿನ ವಿಚಾರ ಬಂದಾಗ ಹಿಂದೆ ಸರಿಯಬಾರದು.

ನಮ್ಮ ಸಂಸ್ಥೆಗಳಿಗೆ ಒಂದು ಮಾತು

ಕೊನೆಯಲ್ಲಿ ನಮ್ಮವರಿಗೇ ಹೇಳಬೇಕಾದ ಮಾತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆಎಲ್‌ಇ ಸಂಸ್ಥೆ ಕಟ್ಟಿದರು. 1963ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗೆಯ ತಾಂತ್ರಿಕ ಕಾಲೇಜು ಆರಂಭವಾಯಿತು. ಸುತ್ತೂರು, ಸಿರಿಗೆರೆ, ಬಾಗಲಕೋಟೆ, ದಾವಣಗೆರೆ ಹೀಗೆ ನಾಡಿನುದ್ದಕ್ಕೂ ಹಳ್ಳಿಯ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಕೊಟ್ಟದ್ದು ನಮ್ಮ ಮಠಗಳು ಮತ್ತು ಸಂಘಗಳು. ಈ ಸಾಲು ಬರೆಯುತ್ತಿರುವ ಕೈಯಂತೆ ಸಾವಿರಾರು ಕೈಗಳು ಆ ಋಣದಲ್ಲಿವೆ. ಆ ಋಣವಿರುವುದರಿಂದಲೇ ಈ ಮಾತು ಹೇಳುತ್ತೇವೆ: ಸೈಬರ್ ಸೆಕ್ಯುರಿಟಿ ಎಂಬ ಹೆಸರಿಗೆ ಬೇಡಿಕೆ ಬಂದಿದೆಯೆಂದು, ಪ್ರಯೋಗಾಲ��ವಿಲ್ಲದೆ, ಅಧ್ಯಾಪಕರಿಲ್ಲದೆ, ಮ್ಯಾನೇಜ್‌ಮೆಂಟ್ ಸೀಟಿನ ದರಪಟ್ಟಿಯೊಂದಿಗೆ ಕೋರ್ಸು ತೆರೆಯಬೇಡಿ. ಮೋಸವನ್ನು ಪತ್ತೆ ಹಚ್ಚುವ ವಿದ್ಯೆಯನ್ನೇ ಮೋಸದಿಂದ ಮಾರಿದರೆ ಅದಕ್ಕಿಂತ ಅಪಚಾರ ಇನ್ನಿಲ್ಲ. ತೆರೆಯುವುದಾದರೆ ಸರಿಯಾಗಿ ತೆರೆಯಿರಿ. ಪ್ರತಿ ತಂಡದಲ್ಲಿ ಕೆಲವಾದರೂ ಸೀಟುಗಳನ್ನು ದಾಸೋಹವೆಂದು ತಿಳಿದು ಬಡವರ ಮಕ್ಕಳಿಗೆ, ಜಾತಿ ನೋಡದೆ, ಪೂರ್ತಿ ಉಚಿತವಾಗಿ ಕೊಡಿ.

ಕಾಲೇಜಿಲ್ಲದ ಸಣ್ಣ ಮಠಗಳೂ ಕೈಕಟ್ಟಿ ಕೂರಬೇಕಿಲ್ಲ. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಕಾಲು ಗಂಟೆ ಇದಕ್ಕೆ ಕೊಡಬಹುದು. ಈ ಓದಿನಲ್ಲಿರುವ ಊರಿನ ವಿದ್ಯಾರ್ಥಿಯೇ ಎದ್ದು ನಿಂತು ಆಧಾರ್ ಬೀಗ ಹಾಕುವುದು ಹೇಗೆ, ಎಪಿಕೆ ಎಂದರೇನು, 1930ಕ್ಕೆ ಏನೆಂದು ಹೇಳಬೇಕು ಎಂದು ಹಿರಿಯರಿಗೆ ಹೇಳಿಕೊಡಲಿ. ಪ್ರಸಾದ ನಿಲಯದಲ್ಲಿ ನಾಲ್ಕು ಕಂಪ್ಯೂಟರು, ವಾರಕ್ಕೊಮ್ಮೆ ಬಂದು ಕಲಿಸುವ ಒಬ್ಬ ಹಳೆಯ ವಿದ್ಯಾರ್ಥಿ, ಇಷ್ಟಿದ್ದರೆ ಪಿಯುಸಿ ಮಕ್ಕಳಿಗೆ ಆರಂಭದ ಪಾಠ ಆಗುತ್ತದೆ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಮೋಸ ಹೋದವರನ್ನು ನೋಡಿ ನಗುವುದನ್ನು ನಾವು ನಿಲ್ಲಿಸಬೇಕು. ಹಣ ಕಳೆದುಕೊಂಡ ಮೇಷ್ಟ್ರು ಮಗನಿಗೆ ಹೇಳಲು ನಾಚುತ್ತಾರೆ, ಚಿತ್ರ ತಿರುಚಲ್ಪಟ್ಟ ಮಗಳು ತಾಯಿಗೆ ಹೇಳಲು ಹೆದರುತ್ತಾಳೆ. ಆ ನಾಚಿಕೆಯಲ್ಲಿ ಕಳೆದ ಮೊದಲ ಒಂದೆರಡು ಗಂಟೆಯೇ ಕಳ್ಳನ ಲಾಭ. ಊರಿನಲ್ಲಿ ಒಬ್ಬರಿಗೆ ಹೀಗಾಯಿತೆಂದು ತಿಳಿದರೆ, "ಹೆಂಗೆ ಮೋಸ ಹೋದ್ರಿ?" ಎಂದು ಕೇಳುವ ಮೊದಲು "1930ಕ್ಕೆ ಫೋನ್ ಮಾಡಿದ್ರಾ?" ಎಂದು ಕೇಳೋಣ.

ಮಗಳು ಈ ಓದು ಬೇಕೆಂದರೆ ಕಳಿಸಿ ಎಂಬುದೇ ಹಗರೆಯ ಆ ತಂದೆಗೂ, ಅವರಂಥ ಎಲ್ಲ ಪಾಲಕರಿಗೂ ನಮ್ಮ ಉತ್ತರ. ಕಾಲೇಜನ್ನು ನೋಡಿ ಕಳಿಸಿ. ಸುಳ್ಳು ಬರೆಯದ ಕೈಯನ್ನು ಮನೆಯಿಂದಲೇ ಕೊಟ್ಟು ಕಳಿಸಿ. ಮಿಕ್ಕದ್ದನ್ನು ಅವಳು ಕಲಿಯುತ್ತಾಳೆ.